ತಂದೆಯ ಪಾಪವೂ ಮಗನ ಶಿಕ್ಷೆಯೂ

ಬೈಬಲ್ಲಿನ ಹಳೆಯ ಒಡಂಬಡಿಕೆಯನ್ನು ಮನನಪೂರ್ವಕವಾಗಿ ಓದುವವರಲ್ಲಿ ಒಂದು ಸಂದೇಹ ತಲೆದೋರುವುದು ಸಹಜ. ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ, ದಶಾಜ್ಞೆಗಳ ನಡುವೆಯೇ, ತನ್ನನ್ನು ದ್ವೇಷಿಸುವವರ ಅಪರಾಧದ ಫಲವು ಅವರ ಸಂತತಿಗೆ ಮೂರು ನಾಲ್ಕು ತಲೆಮಾರುಗಳವರೆಗೆ ತಟ್ಟುವುದೆಂದು ದೇವರು ಎಚ್ಚರಿಸುತ್ತಾನೆ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವಾದರೋ, ತಂದೆಯ ದೋಷಕ್ಕೆ ಮಗನನ್ನಾಗಲಿ ಮಗನ ದೋಷಕ್ಕೆ ತಂದೆಯನ್ನಾಗಲಿ ವಧಿಸಕೂಡದೆಂದು ವಿಧಿಸುತ್ತದೆ. ಇವೆರಡೂ ಒಂದೇ ಧರ್ಮಶಾಸ್ತ್ರದ ಮಾತುಗಳು. ಇವುಗಳಿಗೆ ಸಮನ್ವಯವೆಲ್ಲಿ?

ಮೊದಲು ಗಮನಿಸತಕ್ಕದ್ದು ಇವುಗಳ ವಿಷಯಭೇದ. ಎರಡನೆಯದು ಮನುಷ್ಯರ ನ್ಯಾಯಸ್ಥಾನಕ್ಕೆ ಹಾಕಿದ ಮೇರೆ. ಯೆಹೂದದ ಅರಸನಾದ ಅಮಚ್ಯನು ತನ್ನ ತಂದೆಯ ಕೊಲೆಗಾರರನ್ನು ಕೊಲ್ಲಿಸಿದರೂ ಅವರ ಮಕ್ಕಳನ್ನು ಉಳಿಸಿದ್ದು ಈ ವಿಧಿಗೆ ಅನುಸಾರವಾಗಿ ಎಂದು ಅರಸುಗಳ ಎರಡನೆಯ ಗ್ರಂಥ ತಿಳಿಸುತ್ತದೆ. ಮೊದಲನೆಯದು ದೈವದ ಆಡಳಿತವನ್ನು ಕುರಿತದ್ದು. ಕರುಣೆಯು ಸಾವಿರ ತಲೆಮಾರಿನವರೆಗೆ ಹರಿಯುವುದೆಂಬ ಮಾತೂ ಅದರ ಬೆನ್ನಿಗೇ ಇದೆ.

ಆದರೆ ಈ ಸಮಾಧಾನ ಪೂರ್ಣವಾದುದಲ್ಲ. ಮನುಷ್ಯನಿಗೆ ಅನ್ಯಾಯವೆನಿಸಿದ್ದು ದೇವರಿಗೆ ನ್ಯಾಯವಾಗುವುದು ಹೇಗೆ? ಊರೀಯನನ್ನು ಕೊಲ್ಲಿಸಿ ಅವನ ಮಡದಿಯನ್ನು ವರಿಸಿದವನು ದಾವೀದ, ಸತ್ತದ್ದು ಹಸುಗೂಸು. ಜನಗಣತಿ ಮಾಡಿಸಿದವನೂ ಅವನೇ. ವ್ಯಾಧಿಗೆ ಬಲಿಯಾದವರು 70,000 ಮಂದಿ. ತಪ್ಪು ತನ್ನದಾಗಿರಲು ಈ ಜನರೇನು ಮಾಡಿದರೆಂದು ದಾವೀದನೇ ಮೊರೆಯಿಡುತ್ತಾನೆ. ನಮ್ಮ ಪ್ರಶ್ನೆಯು ಆ ಗ್ರಂಥದೊಳಗಿನದೇ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದವನು ಕ್ರಿ.ಪೂ. 597ರಲ್ಲಿ ಬ್ಯಾಬಿಲೋನಿಗೆ ಸೆರೆಹೋದ ಪ್ರವಾದಿ ಯೆಹೆಜ್ಕೇಲ. ಹುಳಿದ್ರಾಕ್ಷಿ ತಿಂದವರು ಹಿರಿಯರಾದರೆ ಹಲ್ಲು ಚಳಿತದ್ದು ಕಿರಿಯರಿಗೆ ಎಂಬರ್ಥದ ಗಾದೆ ಅಂದಿನ ಜನರ ಬಾಯಲ್ಲಿತ್ತು. ಅದು ಹತಾಶೆಯ ಮಾತು. ಹಿರಿಯರ ಪಾಪವೇ ನಮ್ಮ ಹಣೆಬರಹವಾದರೆ ನಮ್ಮ ಸದಾಚಾರದಿಂದ ಪ್ರಯೋಜನವೇನು? ತನ್ನ ಗ್ರಂಥದ 18ನೆಯ ಅಧ್ಯಾಯದಲ್ಲಿ ಪ್ರವಾದಿಯು ಆ ಗಾದೆಯನ್ನೇ ನಿಷೇಧಿಸಿ, ಅವರವರ ನಡೆಗೆ ಅವರವರೇ ಹೊಣೆಯೆಂದೂ, ದುಷ್ಟನು ಕೂಡ ತಿರುಗಿಕೊಂಡರೆ ಬದುಕುವನೆಂದೂ ಸಾರಿದನು. ಈ ವಿಷಯದಲ್ಲಿ ಮೋಶೆಯ ನುಡಿಯನ್ನು ಯೆಹೆಜ್ಕೇಲನು ರದ್ದುಪಡಿಸಿದನೆಂದು ಯೆಹೂದ್ಯರ ತಾಲ್ಮುದೇ ಹೇಳುತ್ತದೆ. ಮುಂದೆ ಹೊಸ ಒಡಂಬಡಿಕೆಯಲ್ಲಿ, ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು ಪಾಪ ಇವನದೋ ತಂದೆತಾಯಿಗಳದೋ ಎಂದು ಕೇಳಿದಾಗ, ಯೇಸುವು ಎರಡನ್ನೂ ಅಲ್ಲಗಳೆದನು.

ಆದುದರಿಂದ ಈ ವಿರೋಧವನ್ನು ಬಲವಂತದಿಂದ ಮುಚ್ಚಬೇಕಾಗಿಲ್ಲ. ಕುಲವನ್ನೇ ಒಂದು ಘಟಕವೆಂದು ಎಣಿಸಿದ ಸಮಾಜದಲ್ಲಿ ವ್ಯಕ್ತಿಯ ಹೊಣೆಗಾರಿಕೆ ಸ್ಪಷ್ಟಗೊಂಡ ಬಗೆಗೆ ಅದೇ ಸಾಕ್ಷಿ. ಹಿರಿಯರು ಮಾಡಿದ ಕೇಡು ಕಿರಿಯರನ್ನು ಬಾಧಿಸುವುದು ಲೋಕದ ಅನುಭವ. ಆದರೆ ನೊಂದವನನ್ನು ತೋರಿಸಿ ಇವನು ಪಾಪಿಯ ಸಂತಾನವೆಂದು ತೀರ್ಪು ಕೊಡುವ ಅಧಿಕಾರವನ್ನು ಈ ವಚನಗಳಾವುವೂ ಯಾರಿಗೂ ಕೊಡುವುದಿಲ್ಲ.