ಲೈನಿನ ಕೊನೆಯಲ್ಲೇ ಹುಟ್ಟುವ ಕರೆಂಟು

ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಸುಮಾರು 150 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗೆ ಬಂತು. ಆದರೆ ಸುತ್ತಲಿನ ಹಳ್ಳಿಗಳ ಪಂಪ್‌ಸೆಟ್‌ಗಳಿಗೆ ಒಳ್ಳೆಯ ಕರೆಂಟು ಸುಲಭವಾಗಿ ಸಿಗಲಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯ ಬೇಸಾಯ ಕೊಳವೆಬಾವಿಗಳನ್ನು ನಂಬಿದೆ. ಲೈನಿನ ಕೊನೆಯ ಹಳ್ಳಿ ಮುಟ್ಟುವ ಹೊತ್ತಿಗೆ ವೋಲ್ಟೇಜು ಕುಸಿದು, ಮೋಟಾರು ತಿರುಗಲು ತಿಣುಕುತ್ತದೆ.

ಈ ಕಷ್ಟಕ್ಕೆ ಉತ್ತರವಾಗಿ ಬಂದದ್ದು ಬಂಗಾರಪೇಟೆ ತಾಲ್ಲೂಕಿನ ಯಳೇಸಂದ್ರದ 3 ಮೆಗಾವಾಟ್ ಸೌರ ಸ್ಥಾವರ. ಕರ್ನಾಟಕ ವಿದ್ಯುತ್ ನಿಗಮ ‘ಅರುಣೋದಯ’ ಯೋಜನೆಯಡಿ ಕಟ್ಟಿದ ಇದು 2009ರ ಕೊನೆಗೆ ಚಾಲನೆಗೊಂಡಿತು. ಮೆಗಾವಾಟ್ ಪ್ರಮಾಣದಲ್ಲಿ ಗ್ರಿಡ್ ಸೇರಿದ ದೇಶದ ಮೊದಮೊದಲ ಸ್ಥಾವರಗಳಲ್ಲಿ ಇದೂ ಒಂದು. 13,000ಕ್ಕೂ ಹೆಚ್ಚು ಫಲಕಗಳು ಇಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಂತಿವೆ.

ಫಲಕದೊಳಗಿನ ಸಿಲಿಕಾನ್ ಬಿಲ್ಲೆಯ ಒಂದು ಪದರಕ್ಕೆ ರಂಜಕ, ಇನ್ನೊಂದಕ್ಕೆ ಬೋರಾನ್ ಸೇರಿಸಿರುತ್ತಾರೆ. ಎರಡೂ ಕೂಡುವಲ್ಲಿ ವಿದ್ಯುತ್ ಕ್ಷೇತ್ರ ಏರ್ಪಡುತ್ತದೆ. ಬಿಸಿಲು ಬಿದ್ದಾಗ ಬಿಡುಗಡೆಯಾಗುವ ಎಲೆಕ್ಟ್ರಾನ್‌ಗಳನ್ನು ಆ ಕ್ಷೇತ್ರ ಒಂದೇ ದಿಕ್ಕಿಗೆ ದೂಡುತ್ತದೆ, ಡಿ.ಸಿ. ಕರೆಂಟು ಹುಟ್ಟುತ್ತದೆ. ಇನ್ವರ್ಟರ್ ಅದನ್ನು ಎ.ಸಿ.ಗೆ ತಿರುಗಿಸಿದರೆ, ಟ್ರಾನ್ಸ್‌ಫಾರ್ಮರ್ ವೋಲ್ಟೇಜು ಏರಿಸಿ 11 ಕೆ.ವಿ. ಲೈನಿಗೆ ಕೊಡುತ್ತದೆ.

ಕರೆಂಟು ಹುಟ್ಟಲು ಬೇಕಾದದ್ದು ಬೆಳಕು. ಕಾವು ಹೆಚ್ಚಿದಷ್ಟೂ ಫಲಕದ ಇಳುವರಿ ತಗ್ಗುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದ ಕೋಲಾರದ ಹವೆ ಹಾಗಾಗಿ ಸೌರ ವಿದ್ಯುತ್ತಿಗೆ ಅನುಕೂಲ. ಧೂಳು ಕೂತರೂ ಇಳುವರಿ ಇಳಿಯುವುದರಿಂದ ತೊಳೆಯುವ ಕೆಲಸ ತಪ್ಪಿಸುವಂತಿಲ್ಲ. ಇಷ್ಟು ಗಾತ್ರದ ಸ್ಥಾವರ ಚೆನ್ನಾಗಿ ನಡೆದರೆ ವರ್ಷಕ್ಕೆ 40 ಲಕ್ಷ ಯೂನಿಟ್‌ ಆಸುಪಾಸು ಕೊಡಬಲ್ಲದು.

ತುಮಕೂರು ಜಿಲ್ಲೆಯ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನ ಮುಂದೆ ಯಳೇಸಂದ್ರದ್ದು ಪುಟ್ಟ ಗಾತ್ರ. ಆದರೆ ಬಳಸುವ ಊರಿನಲ್ಲೇ ಕರೆಂಟು ಹುಟ್ಟಿದರೆ ದೂರದ ತಂತಿಯಲ್ಲಿ ಸೋರುವ ನಷ್ಟ ತಗ್ಗುತ್ತದೆ, ಲೈನಿನ ತುದಿಯ ವೋಲ್ಟೇಜೂ ಸುಧಾರಿಸುತ್ತದೆ. ಚಿಕ್ಕೋಡಿ ಬಳಿಯ ಇಟ್ನಾಳ, ರಾಯಚೂರಿನ ಯಾಪಲದಿನ್ನಿಯಲ್ಲೂ ನಿಗಮ ಇಷ್ಟೇ ಗಾತ್ರದ ಸ್ಥಾವರ ಕಟ್ಟಿತು. ಕೃಷಿ ಫೀಡರ್‌ಗಳನ್ನು ಸೌರ ವಿದ್ಯುತ್ತಿಗೆ ಜೋಡಿಸುವ ಇಂದಿನ ಪಿಎಂ-ಕುಸುಮ್ ಕಾರ್ಯಕ್ರಮದ ಹಿಂದಿರುವುದೂ ಇದೇ ತರ್ಕ. ಹಗಲಿನಲ್ಲೇ ತ್ರೀ-ಫೇಸ್ ಸಿಕ್ಕರೆ ರೈತ ನಡುರಾತ್ರಿ ಟಾರ್ಚ್ ಹಿಡಿದು ಹಾವಿನ ಭಯದಲ್ಲಿ ಹೊಲಕ್ಕೆ ಹೋಗಬೇಕಿಲ್ಲ. ಸಬ್‌ಸ್ಟೇಷನ್ ಪಕ್ಕ ಹತ್ತಿಪ್ಪತ್ತು ಎಕರೆ ಹೊಂದಿಸಿದರೆ ಆಗಬಹುದಾದ ಈ ಕೆಲಸ ಬಯಲುಸೀಮೆಯ ಪ್ರತಿ ಹೋಬಳಿಗೂ ಬೇಕು.