ಬ್ರೌಸರಿನ ಎಕ್ಸ್‌ಟೆನ್ಷನ್: ನಂಬಿಕೆ ಯಾವುದು, ನಿಜ ಯಾವುದು?

ಬಸ್ರೂರಿರಲಿ, ಕುಂದಾಪುರವಿರಲಿ, ಪಹಣಿ ತೆಗೆದುಕೊಡುವ, ವಿದ್ಯಾರ್ಥಿವೇತನದ ಅರ್ಜಿ ತುಂಬಿಕೊಡುವ ಅಂಗಡಿಯ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದರೆ ಮೇಲೆ ಬಲಗಡೆ ಪುಟ್ಟ ಚಿತ್ರಗಳು ಕಾಣುವುದುಂಟು. ಕನ್ನಡ ಟೈಪಿಂಗ್‌ಗೆ ಒಂದು, ಪಿಡಿಎಫ್‌ಗೆ ಒಂದು, ಜಾಹೀರಾತು ತಡೆಯಲು ಇನ್ನೊಂದು. ಇವು ಎಕ್ಸ್‌ಟೆನ್ಷನ್‌ಗಳು, ಹೆಚ್ಚಿನವು ಬ್ರೌಸರ್ ಕಂಪನಿಯವಲ್ಲ, ಹೊರಗಿನವರು ಮಾಡಿದವು. "ಅದ್ರಿಂದ ಎಂತದೂ ಆತಿಲ್ಲೆ ಮಾರಾಯ್ರೆ" ಎನ್ನುವವರೇ ಹೆಚ್ಚು. ಆ ಧೈರ್ಯದ ಹಿಂದಿರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಗೂಗಲ್ ಸ್ಟೋರ್‌ನಲ್ಲಿ ಇದೆ ಎಂದ ಮೇಲೆ ಭಯವಿಲ್ಲ.

ಸತ್ಯ: ಹಾಕಿಕೊಂಡ ದಿನ ಒಳ್ಳೆಯದಾಗಿದ್ದದ್ದು ಮುಂದೆಯೂ ಹಾಗೇ ಇರುತ್ತದೆಂಬ ಖಾತ್ರಿಯಿಲ್ಲ. 'ದಿ ಗ್ರೇಟ್ ಸಸ್ಪೆಂಡರ್' ಎಂಬ ಜನಪ್ರಿಯ ಎಕ್ಸ್‌ಟೆನ್ಷನ್‌ಗೆ ಸುಮಾರು 20 ಲಕ್ಷ ಬಳಕೆದಾರರಿದ್ದರು. 2020ರಲ್ಲಿ ಅದನ್ನು ಮಾಡಿದವರು ಬೇರೆಯವರಿಗೆ ಮಾರಿದರು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಅಪಾಯಕಾರಿ ತಂತ್ರಾಂಶವೆಂದು ತೆಗೆದುಹಾಕಿತು. ನಂಬಿಕೆಯ ಮೇಲೆ ಮನೆಯ ಕೀಲಿ ಕೊಟ್ಟರೆ, ಪಡೆದವರು ಅದನ್ನು ಅಪರಿಚಿತರಿಗೆ ದಾಟಿಸಿದಂತಾಯಿತು. ಎಕ್ಸ್‌ಟೆನ್ಷನ್ ತಾನಾಗಿಯೇ ಅಪ್‌ಡೇಟ್ ಆಗುವುದರಿಂದ ಮಾಲೀಕರು ಬದಲಾದದ್ದು ನಮ್ಮ ಗಮನಕ್ಕೇ ಬರುವುದಿಲ್ಲ.

ತಪ್ಪು ಕಲ್ಪನೆ: ಮಾಡಿದವರು ಪ್ರಾಮಾಣಿಕರಾದರೆ ಸಾಕು.

ಸತ್ಯ: ಸೈಬರ್‌ಹೇವನ್ ಮಾಹಿತಿ ಸುರಕ್ಷತೆಯದೇ ಕಂಪನಿ. 2024ರ ಡಿಸೆಂಬರ್ 24ರಂದು ಅದರ ಒಬ್ಬ ಉದ್ಯೋಗಿ ಮೋಸದ ಇಮೇಲ್‌ಗೆ ಸಿಲುಕಿದರು. ಕ್ರಿಸ್‌ಮಸ್ ದಿನ ಅದರ ಎಕ್ಸ್‌ಟೆನ್ಷನ್‌ನ, ಕಳ್ಳರು ಕೆಡಿಸಿದ ಆವೃತ್ತಿಯೇ ಕಂಪನಿಯ ಹೆಸರಿನಲ್ಲಿ ಬಳಕೆದಾರರಿಗೆ ಹೋಯಿತು. ಲಾಗಿನ್ ಆಗಿರುವ ಗುರುತಿನ ಕುಕಿಗಳನ್ನು ಕದಿಯಲು ಅದನ್ನು ರೂಪಿಸಲಾಗಿತ್ತು. ಅಂಥ ಕುಕಿ ಕೈಗೆ ಸಿಕ್ಕರೆ ಎಷ್ಟೋ ಕಡೆ ಪಾಸ್‌ವರ್ಡ್ ಇಲ್ಲದೆಯೇ ಖಾತೆಯೊಳಗೆ ನುಗ್ಗಬಹುದು.

ತಪ್ಪು ಕಲ್ಪನೆ: ಕನ್ನಡ ಟೈಪಿಂಗ್‌ನದ್ದು, ಅದು ಬೇರೇನನ್ನೂ ನೋಡುವುದಿಲ್ಲ.

ಸತ್ಯ: ಹಾಕಿಕೊಳ್ಳುವಾಗ ಬರುವ ಅನುಮತಿಯ ಸಾಲನ್ನು ಓದಿ. ಎಲ್ಲ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಮಾಹಿತಿಯನ್ನು ಓದಲು, ಬದಲಿಸಲು ಒಪ್ಪಿಗೆ ಕೇಳಿದ್ದರೆ, 'ಕ' ಒತ್ತಿದ್ದನ್ನು ನೋಡುವ ಎಕ್ಸ್‌ಟೆನ್ಷನ್ ಅದೇ ಪುಟದಲ್ಲಿ ತುಂಬಿದ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಒಟಿಪಿಯನ್ನೂ ನೋಡಬಲ್ಲದು. ಎಲ್ಲವೂ ಕದಿಯುತ್ತವೆ ಎಂದಲ್ಲ. ಕದಿಯುವ ಅವಕಾಶವನ್ನು ನಾವೇ ಕೊಟ್ಟಿರುತ್ತೇವೆ. ಅಂಗಡಿಯ ಕಂಪ್ಯೂಟರಿನಲ್ಲಂತೂ ಅದು ಊರಿನವರೆಲ್ಲರ ಮಾಹಿತಿ.

ತಪ್ಪು ಕಲ್ಪನೆ: ಒಮ್ಮೆ ಹಾಕಿದರೆ ಮತ್ತೆ ಚಿಂತೆಯಿಲ್ಲ.

ಸತ್ಯ: 2019ರ ಮೇ 4ರಂದು ಜಗತ್ತಿನಾದ್ಯಂತ ಫೈರ್‌ಫಾಕ್ಸ್ ಎಕ್ಸ್‌ಟೆನ್ಷನ್‌ಗಳು ಇದ್ದಕ್ಕಿದ್ದಂತೆ ನಿಂತವು. ಫೈರ್‌ಫಾಕ್ಸ್ ರೂಪಿಸುವ ಮೊಜಿಲ್ಲಾದ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿತ್ತು, ಅಷ್ಟೆ. ಅದಕ್ಕೂ ಮೊದಲು, 2017ರ ನವೆಂಬರ್‌ನಲ್ಲಿ ಬಂದ ಫೈರ್‌ಫಾಕ್ಸ್ 57 ಹಳೆಯ ವಿಧಾನದ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ಕೈಬಿಟ್ಟಿತ್ತು. ಅರ್ಜಿಯ ಕೊನೆಯ ದಿನವೇ ಹೀಗಾದರೆ ನಷ್ಟ ವಿದ್ಯಾರ್ಥಿಗೆ.

ತಪ್ಪು ಕಲ್ಪನೆ: ಎಕ್ಸ್‌ಟೆನ್ಷನ್ ಇಲ್ಲದೆ ಕನ್ನಡ ಬರೆಯಲಾಗದು.

ಸತ್ಯ: ಖಂಡಿತ ಬರೆಯಬಹುದು. ವಿಂಡೋಸ್‌ನಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಎಕ್ಸ್‌ಪಿ ಕಾಲದಿಂದಲೇ ಇದೆ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೊನೆಟಿಕ್ ಕೀಲಿಮಣೆಯೂ ಬಂದಿದೆ. ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಫೊನೆಟಿಕ್ ಆರಿಸಿದರೆ ಆಯಿತು. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಇದು ಬ್ರೌಸರಿನಲ್ಲಷ್ಟೇ ಅಲ್ಲ, ವರ್ಡ್‌ನಲ್ಲೂ ನಡೆಯುತ್ತದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ರೂಢಿಯಾಗಿದ್ದರೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಇದೆ. ಅದೂ ಹೊರಗಿನ ತಂತ್ರಾಂಶವೇ ಆದ್ದರಿಂದ ಸಿಕ್ಕಸಿಕ್ಕ ತಾಣದಿಂದ ಇಳಿಸಿಕೊಳ್ಳಬಾರದು.

ತಪ್ಪು ಕಲ್ಪನೆ: ಹಾಗಾದರೆ ಎಲ್ಲವನ್ನೂ ಕಿತ್ತುಹಾಕಬೇಕು.

ಸತ್ಯ: ಬೇಡ. ಮೋಸದ ಜಾಹೀರಾತು ತಡೆಯುವ, ದೃಷ್ಟಿದೋಷವಿರುವವರಿಗೆ ನೆರವಾಗುವ ಒಳ್ಳೆಯ ಎಕ್ಸ್‌ಟೆನ್ಷನ್‌ಗಳಿವೆ. ಬಳಸದವನ್ನು ತೆಗೆಯಿರಿ. ಉಳಿದವಕ್ಕೆ ಕ್ರೋಮ್‌ನಲ್ಲಿ 'ಕ್ಲಿಕ್ ಮಾಡಿದಾಗ ಮಾತ್ರ' ಎಂಬ ಅನುಮತಿ ಸಾಕೇ ಎಂದು ನೋಡಿ. ಬ್ಯಾಂಕ್ ಮತ್ತು ಸರ್ಕಾರಿ ಕೆಲಸಕ್ಕೆ ಎಕ್ಸ್‌ಟೆನ್ಷನ್ ಒಂದೂ ಇಲ್ಲದ ಪ್ರತ್ಯೇಕ ಪ್ರೊಫೈಲ್ ಇಡಿ. ಹಣ ಹೋದದ್ದು ಗೊತ್ತಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇರೆಯವರ ದಾಖಲೆಗಳನ್ನು ಕೈಯಲ್ಲಿ ಹಿಡಿದು ದುಡಿಯುವ ಅಂಗಡಿಯವರಿಗೆ ಈ ಎಚ್ಚರ ಕೆಲಸದ ಭಾಗವೇ ಆಗಬೇಕು. ಏಕೆಂದರೆ ಅನುಮತಿ ಒತ್ತುವವರು ಅವರು, ಅದರ ಫಲ ಉಣ್ಣುವವರು ಎದುರಿಗೆ ಕುಳಿತ ಗ್ರಾಹಕರು.