ಗುಂಟೆ ಕೇಳಿದವರಿಗೆ ಸೆಂಟ್ಸ್ ಹೇಳಿದೆವು

ನಾಗಾವಿ ಎಂಬ ಊರಿನ ಹೆಸರು ನಮ್ಮ ಕರಾವಳಿಯಲ್ಲಿ ಅಷ್ಟಾಗಿ ಯಾರಿಗೂ ಗೊತ್ತಿರಲಿಲ್ಲ. ಗದಗ ಪೇಟೆಗೆ ತಾಗಿದ ಹಳ್ಳಿ ಅದು. 2016ರ ಕಾಯ್ದೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಹುಟ್ಟಿ, ಅದರ ಕ್ಯಾಂಪಸ್ ಅಲ್ಲಿ ಎದ್ದ ಮೇಲೆ ಹೆಸರು ಸ್ವಲ್ಪ ಹರಡಿತು. ಗಾಂಧೀಜಿಯ ಸಾಬರಮತಿ ಆಶ್ರಮದ ಮಾದರಿಯೂ ಅಲ್ಲುಂಟು. ನೋಡಲೇಬೇಕಾದ ಜಾಗ. ಆದರೆ ನಮಗೆ ಪಾಠ ಕಲಿಸಿದ್ದು ಕ್ಯಾಂಪಸ್ ಅಲ್ಲ, ಅದರ ಆಸುಪಾಸಿನ ಒಂದು ಹಳ್ಳಿಯ ಬೇವಿನ ಕಟ್ಟೆ.

ಕೃಷಿಹೊಂಡದ ಬಗ್ಗೆ ರೈತರಿಗೆ ತಿಳಿಸುವ ಕೆಲಸಕ್ಕೆ ನಾವು ಹೋಗಿದ್ದೆವು. ಲ್ಯಾಪ್‌ಟಾಪಿನಲ್ಲಿ ಇಪ್ಪತ್ತಮೂರು ಸ್ಲೈಡ್ ರೆಡಿ. ಬಣ್ಣ, ಬಾಣದ ಗುರುತು, ಗ್ರಾಫ್ ಎಲ್ಲ ಉಂಟು. ರಾತ್ರಿ ಎರಡು ಗಂಟೆವರೆಗೆ ಕೂತು ಬಾಯಿಪಾಠ ಮಾಡಿದ್ದೆವು. ಹಳ್ಳಿಗೆ ತಲುಪುವಾಗ ಕರೆಂಟ್ ಇಲ್ಲ. ಸ್ಲೈಡ್ ಹೋಯಿತು, ಬಾಯಿ ಮಾತ್ರ ಉಳಿಯಿತು.

ಒಬ್ಬರು ಹಿರಿಯರು ಕೇಳಿದರು, ಹೊಂಡಕ್ಕೆ ಎಷ್ಟು ಜಾಗ ಹೋಗತೈತ್ರೀ ಅಂತ. ಇಪ್ಪತ್ತೊಂದು ಮೀಟರ್ ಉದ್ದ, ಇಪ್ಪತ್ತೊಂದು ಮೀಟರ್ ಅಗಲದ ಹೊಂಡ. ನಾವು ಮನಸ್ಸಿನಲ್ಲೇ ಲೆಕ್ಕ ಹಾಕಿ, ಸುಮಾರು ಹನ್ನೊಂದು ಸೆಂಟ್ಸ್ ಅಂದೆವು. ನಮ್ಮ ಊರಿನಲ್ಲಿ ಮನೆ ಜಾಗದಿಂದ ಹಿಡಿದು ತೋಟದವರೆಗೆ ಎಲ್ಲವೂ ಸೆಂಟ್ಸ್ ಲೆಕ್ಕವೇ ಅಲ್ಲವೇ? ಅಲ್ಲಿ ಗುಂಟೆ. ನೂರು ಸೆಂಟ್ಸ್‌ಗೆ ಒಂದು ಎಕರೆ, ನಲವತ್ತು ಗುಂಟೆಗೂ ಒಂದು ಎಕರೆ. ಅಂದರೆ ಒಂದು ಗುಂಟೆ ಎಂದರೆ ಎರಡೂವರೆ ಸೆಂಟ್ಸ್. ನಾವು ಹೇಳಬೇಕಾಗಿದ್ದದ್ದು ನಾಲ್ಕೂವರೆ ಗುಂಟೆ. ಅವರ ಕಿವಿಗೆ ಬಿದ್ದದ್ದು ಹನ್ನೊಂದು. ಎರಡು ಎಕರೆ ಹೊಲ ಇರುವವನಿಗೆ ಕಾಲು ಎಕರೆಗೂ ಹೆಚ್ಚು ಹೊಂಡಕ್ಕೇ ಹೋಗುತ್ತದೆಂದರೆ ಯಾರು ಒಪ್ಪುತ್ತಾರೆ? ಅವರು ತಲೆ ಅಲ್ಲಾಡಿಸಿ ಎದ್ದರು. ಜೊತೆಗೆ ಇನ್ನೂ ನಾಲ್ಕೈದು ಮಂದಿ ಎದ್ದರು.

ನಮ್ಮ ಮಾಹಿತಿಯಲ್ಲಿ ತಪ್ಪಿರಲಿಲ್ಲ. ಲೆಕ್ಕವೂ ಸರಿಯೇ. ಆದರೂ ಕೆಲಸ ಕೆಟ್ಟಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರಿನಿಂದ, ಆರುನೂರರ ಆಸುಪಾಸಿನಲ್ಲೇ ಬದುಕುವ ಊರಿಗೆ ಹೋಗಿ ನೀರಿನ ಪಾಠ ಮಾಡಲು ಹೊರಟವರು, ಮೊದಲು ಅವರ ಅಳತೆಗೋಲನ್ನಾದರೂ ಕೇಳಿಕೊಳ್ಳಬೇಕಿತ್ತು.

ಅಲ್ಲಿ ಇನ್ನೊಂದು ತಮಾಷೆಯೂ ಆಯಿತು. ಹಳ್ಳಿಯಲ್ಲಿ ಮುಸ್ಲಿಮರ ಮನೆಗಳೂ ಇದ್ದವು. ನಮ್ಮವರು, ಇವರ ಹತ್ತಿರ ಮಾತು ಸುಲಭ ಅಂದುಕೊಂಡು ಹೋದೆವು. ಸಲಾಂ ಹೇಳಿದ್ದೇ ತಡ, ಚಹಾ ಬಂತು. ಚಹಾದ ಹಿಂದೆಯೇ ಉರ್ದು ಬಂತು. ನಾವು ಕಣ್ಣು ಕಣ್ಣು ಬಿಟ್ಟೆವು. ಮುಸಲ್ಮಾನರಾಗಿ ಉರ್ದು ಬರುವುದಿಲ್ಲವೇ ಎಂದು ಆ ಮನೆಯ ತಾಯಿಗೆ ನಿಜವಾದ ಆಶ್ಚರ್ಯ. ಬ್ಯಾರಿ ಎಂಬ ಭಾಷೆ ಉಂಟು, ಅದು ನಮ್ಮ ಮನೆಮಾತು ಎಂದು ವಿವರಿಸಿದೆವು. ಕೊನೆಗೆ ಕನ್ನಡಕ್ಕೇ ಬಂದು ನಿಂತೆವು. ಅದರಲ್ಲೂ ನಮ್ಮದು 'ಉಂಟು', ಅವರದು 'ಐತಿ'. ಪ್ರತಿ ಮಾತಿಗೂ ಕೊನೆಯಲ್ಲೊಂದು 'ರೀ' ಸೇರಿಸದಿದ್ದರೆ ಅಲ್ಲಿ ಮಾತು ಒರಟಾಗಿ ಕೇಳುತ್ತದೆ ಎಂದು ಗೊತ್ತಾದದ್ದೂ ಆಮೇಲೆಯೇ.

ಹಾಗೆ ನೋಡಿದರೆ ಇದು ನಮಗೆ ಹೊಸ ವಿದ್ಯೆ ಆಗಬಾರದಿತ್ತು. ಬ್ಯಾರಿ ಎಂಬ ಹೆಸರೇ ತುಳುವಿನ ಬ್ಯಾರ, ಅಂದರೆ ವ್ಯಾಪಾರ, ಎಂಬ ಮಾತಿನಿಂದ ಬಂದದ್ದೆಂದು ಬಲ್ಲವರು ಹೇಳುತ್ತಾರೆ. ನಮ್ಮ ಅಜ್ಜಂದಿರು ಶಾಲೆಗೆ ಹೋದವರಲ್ಲ. ಆದರೆ ಬೆಳಿಗ್ಗೆ ಬಂದರಿನಲ್ಲಿ ಮೀನಿಗೆ ತುಳುವಿನಲ್ಲಿ ಕ್ರಯ ಕಟ್ಟಿ, ಮಧ್ಯಾಹ್ನ ಕೊಂಕಣಿಯವರ ಅಂಗಡಿಯಲ್ಲಿ ಅವರದೇ ಮಾತಿನಲ್ಲಿ ಲೆಕ್ಕ ಚುಕ್ತಾ ಮಾಡಿ, ತಾಲೂಕು ಕಚೇರಿಯಲ್ಲಿ ಕನ್ನಡದಲ್ಲಿ ಅರ್ಜಿ ವಿವರಿಸಿ, ಸಂಜೆ ಮನೆಯಲ್ಲಿ ಬ್ಯಾರಿ ಮಾತಾಡಿದವರು. ಗಿರಾಕಿಗೆ ಅರ್ಥವಾಗದಿದ್ದರೆ ಸರಕು ಉಳಿಯುತ್ತದೆ, ಮೀನಾದರೆ ಹಾಳಾಗುತ್ತದೆ. ಆ ಭಯವೇ ಅವರಿಗೆ ಟ್ರೈನಿಂಗ್.

ಅವರ ಮೊಮ್ಮಕ್ಕಳು ಡಿಗ್ರಿ ಮಾಡಿ ಆಫೀಸು ಹೊಕ್ಕ ಕೂಡಲೇ ಎಂತ ಆಗುತ್ತದೋ, ನಾಲಿಗೆ ಕಟ್ಟಿಬಿಡುತ್ತದೆ. ಒಂದೋ ಮೌನ, ಇಲ್ಲವೇ ಬಾಯಿಪಾಠ.

ಈ ಬಾಯಿಪಾಠದ ಬೇರು ಎಲ್ಲಿದೆ ಎಂದು ನಾವು ಯೋಚಿಸಿದ್ದುಂಟು. ನಮ್ಮಲ್ಲಿ ಮೈಕ್ ಮುಂದೆ ನಿಲ್ಲದೆ ಬೆಳೆದ ಮಕ್ಕಳು ಕಡಿಮೆ. ರಬೀವುಲ್ ಅವ್ವಲ್ ತಿಂಗಳು ಬಂತೆಂದರೆ ಮದ್ರಸದ ಮೀಲಾದ್ ಕಾರ್ಯಕ್ರಮದಲ್ಲಿ ಏಳೆಂಟು ವರ್ಷದ ಮಗುವೂ ಭಾಷಣ ಮಾಡುತ್ತದೆ. ಸಭಾಕಂಪ ಹೋಗಲು ಇದಕ್ಕಿಂತ ಒಳ್ಳೆಯ ಶಾಲೆ ಬೇರೆ ಸಮುದಾಯಗಳಲ್ಲಿ ಸಿಗುವುದು ಕಷ್ಟ. ಆದರೆ ಆ ಭಾಷಣ ಉಸ್ತಾದರು ಬರೆದುಕೊಟ್ಟದ್ದು. ಮಗು ಅದನ್ನು ರೈಲು ಬಿಟ್ಟಂತೆ ಒಂದೇ ಉಸಿರಿಗೆ ಹೇಳುತ್ತದೆ, ಮಧ್ಯೆ ಒಂದು ಪದ ಮರೆತರೆ ನಿಂತೇಹೋಗುತ್ತದೆ. ಎಲ್ಲರೂ ಮಾಷಾ ಅಲ್ಲಾಹ್ ಅನ್ನುತ್ತಾರೆ, ಬಹುಮಾನ ಸಿಗುತ್ತದೆ. ಏಳು ವರ್ಷಕ್ಕೆ ಅದು ಚಂದ. ಇಪ್ಪತ್ತೇಳಕ್ಕೆ, ಮ್ಯಾನೇಜರ್ ಎದುರು ಸ್ಲೈಡ್ ನೋಡಿ ಅದೇ ರೈಲು ಬಿಟ್ಟರೆ? ಮಧ್ಯೆ ಒಬ್ಬರು ಒಂದು ಪ್ರಶ್ನೆ ಕೇಳಿದರೆ ಹಳಿ ತಪ್ಪಿತು. ಉಸ್ತಾದರಲ್ಲಿ ನಮ್ಮದೊಂದು ವಿನಂತಿ: ಭಾಷಣ ಮುಗಿದ ಮೇಲೆ ಮಗುವಿಗೆ ಒಂದೇ ಒಂದು ಪ್ರಶ್ನೆ ಕೇಳಿ, ಅದರದೇ ಮಾತಿನಲ್ಲಿ ಉತ್ತರ ಹೇಳಲಿ. ತಪ್ಪಿದರೂ ಅಡ್ಡಿಯಿಲ್ಲ, ಬಹುಮಾನ ಕೊಡಿ.

ಮಾತಿನ ವಿಷಯದಲ್ಲಿ ಮೂಸಾ ನೆಬಿಯವರ ಪ್ರಾರ್ಥನೆ ನಮಗೆಲ್ಲ ಗೊತ್ತು. ಪರೀಕ್ಷೆಗೆ ಹೋಗುವ ಮಕ್ಕಳಿಗೆ ಉಮ್ಮಂದಿರು ಹೇಳಿಕೊಡುವುದೂ ಅದನ್ನೇ. ಸೂರಃ ತ್ವಾಹಾದಲ್ಲಿ ಬರುವ ಆ ದುಆದ ಅರ್ಥ ನೋಡಿ. ಫಿರ್‌ಔನನ ಆಸ್ಥಾನಕ್ಕೆ ಹೋಗಬೇಕಾದವರು ತನಗೆ ಚಂದದ ಭಾಷೆ ಕೊಡು ಎಂದು ಕೇಳಲಿಲ್ಲ. ನಾಲಿಗೆಯ ಗಂಟು ಬಿಡಿಸು ಎಂದರು, ಅದೂ ಜನರಿಗೆ ತನ್ನ ಮಾತು ತಿಳಿಯಲಿ ಎಂಬ ಒಂದೇ ಕಾರಣಕ್ಕೆ. ಸೂರಃ ಖಸಸ್‌ನಲ್ಲಿ ಇನ್ನೊಂದು ವಿಷಯವುಂಟು. ಸಹೋದರ ಹಾರೂನರ ನಾಲಿಗೆ ತನಗಿಂತ ಚುರುಕು, ಅವರನ್ನು ಜೊತೆಗೆ ಕಳಿಸು ಎಂದೂ ಬೇಡಿಕೊಂಡರು. ನೆಬಿಯೊಬ್ಬರು ತನ್ನ ಕೊರತೆಯನ್ನು ಒಪ್ಪಿಕೊಂಡು ಜೊತೆಗಾರನನ್ನು ಕೇಳಿದ್ದಾರೆ. ನಮ್ಮ ಆಫೀಸುಗಳಲ್ಲಿ ಮಾತ್ರ, ಪ್ರೆಸೆಂಟೇಶನ್ ಬೇರೆಯವರು ಮಾಡಿದರೆ ತನ್ನ ಹೆಸರು ಹೋಯಿತು ಎಂದು ಹಟ.

ಪ್ರವಾದಿಯವರ ಮಾತನ್ನು, ಬೇಕಾದವರು ಪದ ಪದವಾಗಿ ಎಣಿಸಬಹುದಿತ್ತು ಎಂದು ಆಯಿಷಾ ಬೀವಿ ನೆನಪಿಸಿಕೊಂಡದ್ದು ಹದೀಸಿನಲ್ಲಿದೆ. ಕೇಳುವವರಿಗೆ ಅರ್ಥವಾಗಲೆಂದು ಮಾತನ್ನು ಮೂರು ಸಲ ಹೇಳುತ್ತಿದ್ದರೆಂದು ಅನಸ್ ಅವರ ವರದಿಯೂ ಇದೆ. ಇಪ್ಪತ್ತಮೂರು ಸ್ಲೈಡನ್ನು ಹತ್ತು ನಿಮಿಷದಲ್ಲಿ ಓಡಿಸುವ ನಾವು ಇದನ್ನೆಲ್ಲ ಕೇಳಿ ಬೆಳೆದವರೇ.

ಪಂಚಾಯತ್ ರಾಜ್‌ನ ಮಾತು ಬಂದಾಗ ಅಬ್ದುಲ್ ನಜೀರ್ ಸಾಬರನ್ನು ಬಿಡುವಂತಿಲ್ಲ. ಗುಂಡ್ಲುಪೇಟೆಯಿಂದ ಬಂದವರು, ರಾಮಕೃಷ್ಣ ಹೆಗಡೆ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರು. ಹಳ್ಳಿಗೆ ಅಧಿಕಾರ ಕೊಡುವ ಕಾನೂನಿನ ಹಿಂದೆ ನಿಂತವರು ಅವರೇ. ಆದರೆ ಜನ ಕರೆದದ್ದು ನೀರ್ ಸಾಬ್ ಎಂದು, ಯಾಕೆಂದರೆ ಹಳ್ಳಿಯ ಹೆಂಗಸಿಗೆ ಕಾನೂನಿನ ಸೆಕ್ಷನ್‌ಗಿಂತ ಕೊಳವೆಬಾವಿಯ ಕೊಡ ನೀರು ಬೇಗ ಅರ್ಥವಾಯಿತು. 1988ರಲ್ಲಿ ತೀರಿಹೋದರು. ಮೈಸೂರಿನಲ್ಲಿ ಪಂಚಾಯತ್‌ನವರಿಗೆ ತರಬೇತಿ ಕೊಡುವ ಸಂಸ್ಥೆಗೆ ಈಗಲೂ ಅವರದೇ ಹೆಸರು.

ಸೆಂಟ್ಸ್-ಗುಂಟೆಯ ತಪ್ಪಿಗಿಂತ ದೊಡ್ಡದು ಇನ್ನೊಂದಿದೆ. ಅದು ಗೊತ್ತಾಗದಿದ್ದರೂ ಹೂಂ ಅನ್ನುವುದು. ದೊಡ್ಡವರ ಎದುರು ತಿರುಗಿ ಕೇಳಬಾರದು ಎಂದು ನಮ್ಮ ಮನೆಗಳಲ್ಲಿ ಕಲಿಸುತ್ತೇವೆ. ಒಳ್ಳೆಯದೇ. ಆದರೆ ಅದೇ ಅಭ್ಯಾಸ ಹೊತ್ತು ದಮಾಮಿಗೋ ದುಬೈಗೋ ಹೋದ ಹುಡುಗ, ಫೋರ್‌ಮನ್ ಹೇಳಿದ ಅರ್ಧ ಅರೇಬಿಕ್, ಅರ್ಧ ಹಿಂದಿ ತಿಳಿಯದೆ ಯೆಸ್ ಸರ್ ಅಂದು ಏಣಿ ಹತ್ತಿದರೆ ಹೋಗುವುದು ಬರೀ ಮರ್ಯಾದೆ ಅಲ್ಲ. ನಾನು ಅರ್ಥ ಮಾಡಿಕೊಂಡದ್ದು ಹೀಗೆ, ಸರಿಯಾ ಸರ್ ಎಂದು ಒಮ್ಮೆ ತಿರುಗಿ ಹೇಳುವುದು ಅಧಿಕಪ್ರಸಂಗವಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಮ್ಮ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ಡಾಕ್ಟರ್ ಫೋನಿನಲ್ಲಿ ಹೇಳಿದ ಮದ್ದಿನ ಪ್ರಮಾಣವನ್ನು ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುವುದು ಅವರ ಕೆಲಸದ ನಿಯಮವೇ.

ಹೆಂಗಸರ ಮಾತು ಬಂದದ್ದಕ್ಕೆ ಹೇಳುತ್ತೇವೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕೆಂದು ಕಾನೂನಿದೆ. ಬೀಡಿ ಎಲೆಯ ತೂಕ, ರೇಷನ್, ಮಕ್ಕಳ ಫೀಸು ಎಲ್ಲದರ ಲೆಕ್ಕ ನಾಲಿಗೆ ತುದಿಯಲ್ಲಿರುವ ಉಮ್ಮ ಅಲ್ಲಿ ಹಿಂದಿನ ಸಾಲಿನಲ್ಲಿ ಕೂತು ಎದ್ದುಬರುತ್ತಾರೆ. ಪೈಪಿನಲ್ಲಿ ವಾರಕ್ಕೆ ಎಷ್ಟು ದಿನ ನೀರು ಬರುವುದಿಲ್ಲ ಎಂದು ತಾರೀಕು ಸಹಿತ ಹೇಳಬಲ್ಲವರು ಆ ಸಭೆಯಲ್ಲಿ ಅವರೊಬ್ಬರೇ. ಅವರಿಗೆ ಸ್ಪೀಚ್ ಬೇಡ, ಸ್ಲೈಡ್ ಬೇಡ. ತಾರೀಕು ಬರೆದ ಒಂದು ಚೀಟಿ, ಎದ್ದು ನಿಲ್ಲುವಾಗ ಪಕ್ಕದಲ್ಲೊಬ್ಬರು ಇದ್ದರೆ ಸಾಕು.

ನಾಗಾವಿ ಕಡೆಯ ಆ ಹಳ್ಳಿಗೆ ಹದಿನೈದು ದಿನ ಬಿಟ್ಟು ನಾವು ಮತ್ತೊಮ್ಮೆ ಹೋದೆವು. ಈ ಸಲ ಲ್ಯಾಪ್‌ಟಾಪ್ ಕೋಣೆಯಲ್ಲೇ ಇತ್ತು. ಇಪ್ಪತ್ತೊಂದು ಮೀಟರಿಗೆ ಗಂಟು ಹಾಕಿದ ಹಗ್ಗ ಮತ್ತು ಒಂದು ಚೀಲ ಸುಣ್ಣದ ಪುಡಿ ಒಯ್ದೆವು. ಶಾಲೆ ಬಿಟ್ಟ ನಾಲ್ಕು ಮಕ್ಕಳನ್ನು ಒಂದೊಂದು ಮೂಲೆಗೆ ನಿಲ್ಲಿಸಿ, ಖಾಲಿ ಹೊಲದ ಎರೆಮಣ್ಣಿನ ಮೇಲೆ ಹೊಂಡದ ಅಳತೆ ಎಳೆದೆವು. ಅವತ್ತು ಎದ್ದುಹೋಗಿದ್ದ ಹಿರಿಯರೂ ಬಂದಿದ್ದರು. ಗೆರೆಯ ಸುತ್ತ ಒಂದು ಸುತ್ತು ನಡೆದರು, ಹೆಜ್ಜೆ ಎಣಿಸಿದರು, ಇಷ್ಟಽ ಏನ್ರೀ ಅಂದರು. ನಾಲ್ಕೂವರೆ ಗುಂಟೆ ಅಂದೆವು.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದರು, ತೆಗೆದ ಮಣ್ಣು ಎಲ್ಲಿ ಹಾಕೂದ್ರೀ? ಅದಕ್ಕೆ ನಮ್ಮ ಇಪ್ಪತ್ತಮೂರು ಸ್ಲೈಡಿನಲ್ಲೂ ಉತ್ತರ ಇರಲಿಲ್ಲ. ಎಲ್ಲರೂ ಅಲ್ಲೇ ಬದುವಿನ ಮೇಲೆ ಕೂತು ಅದರ ಬಗ್ಗೆ ಮಾತಾಡಲು ಶುರು ಮಾಡಿದೆವು.